ಪೂಜೆಯಾದ ಮೇಲಿನ ಮಾತ್ರೆ

ಚಂದ್ರಾ ಲೇಔಟಿನ ನಮ್ಮ ಮನೆಯ ಕೆಳಗಿನ ಪೋರ್ಷನ್ ಖಾಲಿಯಾದಾಗ ಮೂರೇ ದಿನದಲ್ಲಿ ಹನ್ನೊಂದು ಜನ ಬಾಡಿಗೆಗೆ ಕೇಳಿಕೊಂಡು ಬಂದರು. ಅವ್ವ ಹನ್ನೊಂದು ಜನರಿಗೂ ಇಲ್ಲ ಅಂದಳು. "ಇನ್ಮೇಲೆ ಇಲ್ಲಿ ಕೈ ನಡುಗೋರು ಬಂದು ಕೂರ್ತಾರೆ" ಎಂದು ಗೇಟಿನ ಹತ್ತಿರವೇ ನಿಂತು ಹೇಳಿ ಕಳಿಸಿದಳು. ಬ್ರೋಕರ್ ತಮ್ಮಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ಏನ್ ಸಾರ್, ಅಮ್ಮನೋರಿಗೆ ಹುಷಾರಿಲ್ವಾ?" ಎಂದು ಕೇಳಿದ. ಅವ್ವ ಹುಷಾರಾಗಿಯೇ ಇದ್ದಳು. ಹುಷಾರು ತಪ್ಪಿದ್ದು ನನಗೆ. ಅದನ್ನು ಬ್ರೋಕರ್ ಮುಂದೆ ಹೇಳಲಾಗುತ್ತದೆಯೇ?

ಅವ್ವನ ಹೆಸರು ಶಿವಗಂಗಮ್ಮ. ಹರಪನಹಳ್ಳಿ ಕಡೆಯವಳು, ಈಗ ಎಪ್ಪತ್ತೆರಡು. ಬೆಂಗಳೂರಿಗೆ ಬಂದು ಐವತ್ತು ವರ್ಷವಾಗುತ್ತ ಬಂದರೂ ಸೊಪ್ಪಿನವಳ ಜೊತೆ ಚೌಕಾಸಿ ಮಾಡುವುದನ್ನಾಗಲಿ, ಟಿ.ವಿ. ಧಾರಾವಾಹಿಯ ಅತ್ತೆಗೆ ಎದುರು ಮಾತಾಡುವುದನ್ನಾಗಲಿ ಬಿಟ್ಟವಳಲ್ಲ. ಮನೆಯ ಕ್ರಮದಲ್ಲಂತೂ ಕೂದಲೆಳೆಯಷ್ಟೂ ಸಡಿಲ ಬಿಟ್ಟವಳಲ್ಲ. ಲಿಂಗಪೂಜೆಯಾಗದೆ ಯಾರ ಬಾಯಿಗೂ ಹನಿ ನೀರು ಬೀಳಕೂಡದು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ತಡವಾಯಿತೆಂದು ನಾನು ಅಳುತ್ತ ನಿಂತಿದ್ದರೂ, ಪೂಜೆ ಮುಗಿಸಿದ ಮೇಲೆಯೇ ತಟ್ಟೆ ಇಟ್ಟವಳು. ಊರಿಗೆಲ್ಲ ಬಾಯಿ ಮಾಡುವ ನಾನು ಆವತ್ತಿನಿಂದ ಅವ್ವನ ಎದುರು ಮಾತ್ರ ಬಾಯಿ ತೆರೆಯುವುದಿಲ್ಲ.

ಅಪ್ಪಾಜಿ ಶಿವಬಸಪ್ಪನವರಿಗೆ ವಿಜಯನಗರದಲ್ಲಿ ಬಟ್ಟೆ ಅಂಗಡಿಯಿತ್ತು. ಅರವತ್ತೆಂಟನೇ ವಯಸ್ಸಿನಲ್ಲಿ ಒಂದು ದಿನ ಬ್ಲೌಸ್ ಪೀಸ್ ಹರಿಯುವಾಗ ಬಲಗೈ ತಾನಾಗಿಯೇ ನಡುಗತೊಡಗಿತು. ಪಾರ್ಕಿನ್ಸನ್ಸ್ ಎಂದರು. ನರರೋಗದ ಡಾಕ್ಟರ ಹತ್ತಿರ ಅವರನ್ನು ಕರೆದುಕೊಂಡು ಹೋಗುತ್ತಿದ್ದವನು ನಾನು. ಡಾಕ್ಟರು ಒಳ್ಳೆಯವರು, ಕಾಗದದ ಮೇಲೆ ಗಡಿಯಾರದ ಚಿತ್ರ ಬರೆದು ಬಿಡಿಸಿ ಹೇಳಿದರು: ಮೊದಲ ಮಾತ್ರೆ ಬೆಳಿಗ್ಗೆ ಆರಕ್ಕೆ, ಎದ್ದ ಕೂಡಲೇ, ಬರೀ ನೀರಿನಲ್ಲಿ. ತಿನ್ನುವುದೆಲ್ಲ ಅರ್ಧ ಗಂಟೆ ಬಿಟ್ಟು. ಮಾತ್ರೆಯ ಜೊತೆ ಹಾಲು ಬೇಡ. ಹೊತ್ತು ತಪ್ಪಿಸಬೇಡಿ, ಹೊತ್ತು ತಪ್ಪಿದರೆ ಮೈ ಮರಗಟ್ಟುತ್ತದೆ.

ನಾನು ತಲೆಯಾಡಿಸಿದೆ. ಪಕ್ಕದಲ್ಲಿ ಕೂತಿದ್ದ ಅಪ್ಪಾಜಿಯೂ ತಲೆಯಾಡಿಸಿದರು. ಮನೆಗೆ ಬಂದು ಚಪ್ಪಲಿ ಬಿಡುವಾಗ ಅವ್ವ ಕೇಳಿದಳು, "ಹೆಂಗೆ ಕೊಡ್ಬೇಕಂತೆ?" ಆರು ಗಂಟೆಗೆ, ಪೂಜೆಗೆ ಮುಂಚೆ ಎಂದರೆ ದಿನಾ ಬೆಳಿಗ್ಗೆ ಜಗಳ. ಆ ಜಗಳ ಬಿಡಿಸಿ ನಾನು ಯಾವಾಗ ಆಫೀಸಿಗೆ ಹೋಗಲಿ? "ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಅಷ್ಟೇ" ಎಂದುಬಿಟ್ಟೆ. ಗಡಿಯಾರದ ಕಾಗದ ನನ್ನ ಜೇಬಿನಲ್ಲೇ ಉಳಿಯಿತು.

ಆಮೇಲಿನ ನಾಲ್ಕು ವರ್ಷ ನಾನು ನೋಡಿದ್ದು ಇದು. ಅಪ್ಪಾಜಿ ಐದೂವರೆಗೆ ಏಳುವರು. ಮಾತ್ರೆ ಇಲ್ಲದ ಮೈ ಮರದ ಹಲಗೆಯಾಗಿರುತ್ತಿತ್ತು. ಹಾಸಿಗೆ ಬಿಟ್ಟು ಇಳಿಯಲು ಒಂದು ಗಂಟೆ, ಸ್ನಾನಕ್ಕೆ ಒಂದು, ಬಟ್ಟೆ ಉಟ್ಟು ಪೂಜೆಗೆ ಕೂರಲು ಇನ್ನೊಂದು. ನಡುಕ ಎಡಗೈಗೂ ಹಬ್ಬಿತ್ತು, ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡರೆ ಕೈ ಕುಣಿಯುವುದು. ಲಿಂಗ ಬಿದ್ದೀತೆಂದು ಅವ್ವ ತನ್ನ ಅಂಗೈಯನ್ನು ಅವರ ಅಂಗೈ ಕೆಳಗೆ ಆನಿಸಿ ಹಿಡಿಯುವಳು. ಹತ್ತು ನಿಮಿಷದ ಪೂಜೆ ಮುಗಿಯುವ ಹೊತ್ತಿಗೆ ಒಂಬತ್ತೂವರೆ. ಆಗ ಮಾತ್ರೆ, ಒಂದು ದೊಡ್ಡ ಲೋಟ ಹಾಲಿನಲ್ಲಿ. ಕೈ ನಿಲ್ಲಬೇಕಾದರೆ ಮಾತ್ರೆ ಬೇಕು, ಮಾತ್ರೆ ಸಿಗಬೇಕಾದರೆ ಪೂಜೆ ಮುಗಿಯಬೇಕು, ಪೂಜೆ ಮುಗಿಯಬೇಕಾದರೆ ಕೈ ನಿಲ್ಲಬೇಕು. ಇದು ನನಗೆ ಅರ್ಥವಾಗದ ಲೆಕ್ಕವೇನಲ್ಲ. ಶೂ ಹಾಕಿಕೊಂಡು ಹೊರಟುಬಿಡುತ್ತಿದ್ದೆ.

ಡಾಕ್ಟರು ಪ್ರತಿ ಸಲ ಕೇಳುವರು, "ಟೈಮ್‌ಗೆ ಸರಿಯಾಗಿ ಕೊಡ್ತಾ ಇದೀರಾ?" "ಹೌದು ಸಾರ್" ಎನ್ನುತ್ತಿದ್ದೆ. ಹಾಗಿದ್ದರೂ ಗುಣ ಕಾಣಲಿಲ್ಲವೆಂದು ಅವರು ಮಾತ್ರೆಯ ಪ್ರಮಾಣ ಏರಿಸುತ್ತ ಹೋದರು. ಮಾತ್ರೆ ಹೆಚ್ಚಾದಂತೆ ಅಪ್ಪಾಜಿಗೆ ಮೂಲೆಯಲ್ಲಿ ಇಲ್ಲದ ಮಕ್ಕಳು ಕೂತಂತೆ ಕಾಣತೊಡಗಿತು. ಐದನೇ ವರ್ಷ ಒಂದು ಬೆಳಿಗ್ಗೆ, ಪೂಜೆಗೆ ಮುಂಚೆ, ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ನಾಲ್ಕು ತಿಂಗಳು ಹಾಸಿಗೆ ಹಿಡಿದರು, ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟರು. ಆ ವಯಸ್ಸಿಗೆ ಬೀಳಲು ನೂರು ಕಾರಣ ಇರುತ್ತವೆ ಎಂದು ಡಾಕ್ಟರೇ ಹೇಳಿದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಅವರು ಹೋಗಿ ಎಂಟು ತಿಂಗಳಿಗೆ ಬಸವೇಶ್ವರನಗರದ ಒಂದು ಕಲ್ಯಾಣ ಮಂಟಪದಲ್ಲಿ ಆರೋಗ್ಯ ಶಿಬಿರ ನಡೆಯಿತು. ಬಿ.ಪಿ. ನೋಡಿಸಲು ನನ್ನ ಜೊತೆ ಬಂದಿದ್ದ ಅವ್ವ, ನರ್ಸ್ ಒಬ್ಬಳು ಪಾರ್ಕಿನ್ಸನ್ಸ್ ಬಗ್ಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡು ನಿಂತಳು. "ಹಾಲಲ್ಲಿ ಕೊಟ್ರೆ ಏನಾಗುತ್ತಮ್ಮ?" ಎಂದು ಕೇಳಿದಳು. "ಬೇಡ ಆಂಟಿ, ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ" ಎಂದಳು ಅವಳು. ವಾಪಸ್ಸು ಬರುವಾಗ ಆಟೋದಲ್ಲಿ ಅವ್ವ ಕೇಳಿದಳು, "ಕೊಟ್ರೇಶಿ, ಡಾಕ್ಟ್ರು ನಿನಗೆ ಇದನ್ನ ಹೇಳಿರ್ಲಿಲ್ವಾ?"

"ಇಲ್ಲವ್ವ" ಅಂದೆ.

"ಹಂಗಾರೆ ನಾನಾದ್ರೂ ಕೇಳ್ಬೇಕಾಗಿತ್ತು" ಅಂದಳು. ಅಲ್ಲಿಗೆ ಆ ತಪ್ಪು ಅವಳದಾಯಿತು.

ಮರುದಿನವೇ ಅವ್ವ ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿ ಬಂದಳು. ಔಷಧಿಗೆ ದೋಷವಿಲ್ಲ, ಮಾತ್ರೆ ತೆಗೆದುಕೊಂಡು ಕೈ ಹತೋಟಿಗೆ ಬಂದ ಮೇಲೆ ಪೂಜೆಗೆ ಕೂರಲಿ ಎಂದರಂತೆ ಅವರು. ಎರಡು ನಿಮಿಷದ ಮಾತು. ಹೇಳಿದ್ದರೆ ಅವಳು ಜಗಳವಾಡುತ್ತಲೇ ಇರಲಿಲ್ಲ, ನೇರ ಮಠಕ್ಕೆ ಹೋಗಿ ಕೇಳಿ ಬರುತ್ತಿದ್ದಳು. ನಾನು ನಾಲ್ಕು ವರ್ಷ ಹೆದರಿದ್ದು ಇಲ್ಲದ ಜಗಳಕ್ಕೆ.

ಹೀಗೆ ಕೆಳಗಿನ ಪೋರ್ಷನ್ನಿನಲ್ಲಿ ಶುರುವಾಯಿತು ಪಾರ್ಕಿನ್ಸನ್ಸ್ ಇರುವವರಿಗಾಗಿ ನಮ್ಮ ಟ್ರಸ್ಟು. ಅವ್ವ ಅಧ್ಯಕ್ಷೆ, ನಾನು ಕಾರ್ಯದರ್ಶಿ, ಹೆಂಡತಿ ವಿಜಯಶ್ರೀ ಖಜಾಂಚಿ. ಫಿಸಿಯೋಥೆರಪಿ ಓದುತ್ತಿರುವ ಮಗಳು ವಚನಾ ನೆಲದ ಮೇಲೆ ಹಳದಿ ಟೇಪಿನ ಗೆರೆ ಅಂಟಿಸಿ, ಕಾಲು ನೆಲಕ್ಕೆ ಕಚ್ಚಿಕೊಂಡು ನಿಂತುಬಿಡುವವರನ್ನು ಗೆರೆ ದಾಟಿಸುತ್ತ ನಡೆಸುತ್ತಾಳೆ. ದನಿ ಇಳಿದವರಿಂದ ಕೂಗಿಸುತ್ತಾಳೆ. ನಾಯಂಡಹಳ್ಳಿಯ ಚಿಕ್ಕಣ್ಣನವರು 'ಆ' ಎಂದು ಕೂಗಿದರೆ ಎದುರು ಮನೆಯ ನಾಯಿ ಉತ್ತರ ಕೊಡುತ್ತದೆ. ಶನಿವಾರ ಹನ್ನೊಂದಕ್ಕೆ ಇಪ್ಪತ್ತು ಇಪ್ಪತ್ತೈದು ಜನ ಸೇರುತ್ತಾರೆ. ಅವ್ವ ಮಂಡಕ್ಕಿ ಒಗ್ಗರಣೆ ಮಾಡುತ್ತಾಳೆ. ಯಾರ ಮಾತ್ರೆ ಎಷ್ಟು ಹೊತ್ತಿಗಾಯಿತು ಎಂದು ಕೇಳಿಯೇ ತಟ್ಟೆ ಕೊಡುವುದು.

ಹೊಸಬರು ಬಂದಾಗಲೆಲ್ಲ ಅವ್ವ ಎದ್ದು ನಿಂತು ಒಂದೇ ಕಥೆ ಹೇಳುತ್ತಾಳೆ. "ನಾಲ್ಕು ವರ್ಷ ಪೂಜೆಯಾದ ಮೇಲೆ ಹಾಲಲ್ಲಿ ಮಾತ್ರೆ ಕೊಟ್ಟೆ. ನನ್ನ ಕೈಯಾರೆ ನನ್ನ ಗಂಡನ್ನ ಮಲಗಿಸಿದೆ. ನೀವು ಹಂಗೆ ಮಾಡ್ಬೇಡಿ." ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ. ಆ ಹೊತ್ತಿಗೆ ನಾನು ಕುರ್ಚಿ ಸರಿಪಡಿಸುವ ನೆಪದಲ್ಲಿ ಹಿಂದಕ್ಕೆ ಹೋಗುತ್ತೇನೆ. ಒಂದೂವರೆ ವರ್ಷ, ಶನಿವಾರ ಶನಿವಾರ, ಇದನ್ನು ಕೇಳಿಸಿಕೊಂಡೆ. ನನ್ನ ತಪ್ಪನ್ನು ಹೆತ್ತವಳು ಜನರ ಮುಂದೆ ಒಪ್ಪಿಕೊಳ್ಳುತ್ತಿದ್ದಳು, ನಾನು ಕುರ್ಚಿ ಜೋಡಿಸುತ್ತಿದ್ದೆ. ನಾಚಿಕೆಗೇಡು ಎಂದರೆ ಇದೇ.

ಕಳೆದ ಶನಿವಾರ ಶ್ರೀಗಂಧದ ಕಾವಲ್‌ನಿಂದ ಚನ್ನವೀರೇಶ್ ಎಂಬ ಮೂವತ್ತೈದರ ಯುವಕ ತನ್ನ ತಂದೆ ಗೂಳಪ್ಪನವರನ್ನು ಕರೆತಂದಿದ್ದ. ಅವ್ವನ ಕಥೆ ಮುಗಿದ ಮೇಲೆ ಅವನು ತಲೆ ಕೆರೆದುಕೊಂಡು, "ಆಂಟಿ, ನಮ್ಮನೇಲೂ ಪೂಜೆ ಆಗೋವರ್ಗೂ ಮಾತ್ರೆ ಇಲ್ಲ. ಡಾಕ್ಟ್ರು ಹೇಳಿದಾರೆ, ನಮ್ಮಮ್ಮಂಗೆ ನಾನೇ ಹೇಳಿಲ್ಲ. ಹೇಳಿದ್ರೆ ರಂಪ ಆಗುತ್ತೆ" ಅಂದ.

ಅವ್ವ ಅವನ ಹತ್ತಿರ ಹೋಗಿ ಕೂತಳು. "ಹೇಳಪ್ಪ. ಇವತ್ತೇ ಹೇಳು. ನನಗೆ ಹೇಳೋರು ಯಾರೂ ಇರ್ಲಿಲ್ಲ. ಅಗೋ, ನನ್ನ ಮಗ ಇದಾನಲ್ಲ, ಅವನಿಗೆ ಗೊತ್ತಿದ್ದಿದ್ರೆ ಅವತ್ತೇ ಬಂದು ಹೇಳ್ತಿದ್ದ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟೆ.

"ಗೊತ್ತಿತ್ತವ್ವ" ಅಂದೆ. "ಡಾಕ್ಟ್ರು ಮೊದಲನೇ ದಿನವೇ ಹೇಳಿದ್ರು. ಪೂಜೆಗೆ ಮುಂಚೆ, ನೀರಲ್ಲಿ, ಹಾಲು ಬೇಡ ಅಂತ. ನಾನೇ ನಿನಗೆ ಹೇಳ್ಲಿಲ್ಲ. ಆಟೋದಲ್ಲಿ ಕೇಳಿದಾಗ್ಲೂ ಸುಳ್ಳು ಹೇಳ್ದೆ."

ವಚನಾ ನನ್ನ ಮುಖ ನೋಡಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡು ಎದ್ದು, "ಹನ್ನೆರಡೂವರೆ ಆಯ್ತು, ತಟ್ಟೆ ತಗೊಳ್ಳಿ ಎಲ್ರೂ" ಎಂದಳು. ಬಂದವರಿಗೆಲ್ಲ ತಾನೇ ಬಡಿಸಿದಳು. ಚನ್ನವೀರೇಶ್ ತಿನ್ನದೆ ಹೊರಗೆ ಹೋಗಿ ಗೇಟಿನ ಬಳಿ ನಿಂತು ಅಮ್ಮನಿಗೆ ಫೋನ್ ಮಾಡುತ್ತಿದ್ದ.

ಎಲ್ಲರೂ ಹೋದ ಮೇಲೆ ಅವ್ವ ಖಾಲಿ ಕುರ್ಚಿಯೊಂದರಲ್ಲಿ ಕೂತು ಕೇಳಿದಳು, "ಅವ್ರಿಗೆ ಗೊತ್ತಿತ್ತಾ?"

ಅಪ್ಪಾಜಿ ಡಾಕ್ಟರ ಎದುರು ನನ್ನ ಪಕ್ಕದಲ್ಲೇ ಕೂತಿದ್ದರು. "ಗೊತ್ತಿತ್ತು" ಅಂದೆ. ಇನ್ನು ಮುಚ್ಚಿಡಲು ನನ್ನಲ್ಲಿ ಶಕ್ತಿ ಇರಲಿಲ್ಲ. ಮೂರನೇ ವರ್ಷದ ಹೊತ್ತಿಗೆ ಅವರ ದನಿ ತೀರ ಇಳಿದು, ಬಾಯಿಯ ಹತ್ತಿರ ಕಿವಿ ಇಟ್ಟರೆ ಮಾತ್ರ ಕೇಳಿಸುತ್ತಿತ್ತು. ಒಂದು ಬೆಳಿಗ್ಗೆ ಅವ್ವ ಲೋಟ ಹಿಡಿದು ನಿಂತಾಗ ಅವರು ನನ್ನನ್ನು ಸನ್ನೆ ಮಾಡಿ ಕರೆದರು. ಬಗ್ಗಿ ಕಿವಿಗೊಟ್ಟೆ. "ಹಾಲು ಬೇಡ ಅಂತ ನಿಮ್ಮವ್ವಂಗೆ ಹೇಳೋ" ಅಂದರು. ಏನಂತೆ ಎಂದು ಅವ್ವ ಕೇಳಿದಳು. ಆಫೀಸಿಗೆ ಹೊತ್ತಾಗಿತ್ತು. "ಹಾಲು ಬಿಸಿಯಂತೆ" ಎಂದು ಹೇಳಿ ಹೊರಟುಹೋದೆ.

ಅದನ್ನೂ ಅವ್ವನಿಗೆ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಮುಂದೆ ನಿಂತೆ. ಅವಳು ತನ್ನ ಎರಡು ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ನೋಡುತ್ತ ಕೂತಿದ್ದಳು.

"ಅವತ್ತಿಂದ ದಿನಾ ಹಾಲು ಆರಿಸಿ ಆರಿಸಿ ಕೊಟ್ನಲ್ಲೋ" ಎಂದಳು. "ಅವ್ರು ಒಂದಿನಾನೂ ಮುಖ ತಿರುಗಿಸ್ಲಿಲ್ಲ, ಕುಡಿದುಬಿಡೋರು."