ಎರಡು ಹೋಳಿಗೂ ಪುಡಿ

ಸೇಡಂ ರಸ್ತೆಯ ನಮ್ಮ ಪಕ್ಕದ ಮನೆಯ ಕಾಕು ಕಮಲಾಪುರದವರು. ತವರಿನ ಕೆಂಪು ಬಾಳೆಹಣ್ಣು ಬಂದರೆ ಎರಡು ಹೋಳು ಮಾಡಿಯೇ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೆ ಕೊಡುವರು. "ಇಬ್ಬರಿಗೂ ಸಮ, ತಮ್ಮಾ."

ದೊಡ್ಡವಳಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಸೂಜಿ. ದೇಹವೇ ತನ್ನ ಇನ್ಸುಲಿನ್ನನ್ನು ವೈರಿಯೆಂದು ತಿಳಿದು ಹಾಳುಮಾಡುವ ಬಗೆಯದು. ಚಿಕ್ಕವಳಿಗೂ ಬಾರದಿರಲೆಂದು ಡಾಕ್ಟರು ಪ್ರಯೋಗಕ್ಕೆ, ದಿನಾ ತಿನಿಸಿನ ಮೇಲೆ ಉದುರಿಸಿ ಕೊಡಲು, ಇನ್ಸುಲಿನ್ ಪುಡಿ ಕೊಟ್ಟಿದ್ದರು. ಬಾಯಿಂದ ಹೋದರೆ, ಇದು ವೈರಿಯಲ್ಲವೆಂದು ದೇಹ ಕಲಿಯಬಹುದಂತೆ.

"ಅಂತೆ! ಪುರಾವೆ ಎಲ್ಲಿ ಅದ?" ಎಂದು ನಾನು ವಾದಿಸಿದರೆ ಕಾಕು ನಗುತ್ತಿದ್ದರು.

ಮೊನ್ನೆ ನೋಡಿದರೆ ಪುಡಿಯನ್ನು ಎರಡೂ ಹೋಳಿಗೆ ಉದುರಿಸುತ್ತಿದ್ದಾರೆ!

"ಏನ್ ಮಾಡಾಕತ್ತೀರಿ ಕಾಕು? ದೊಡ್ಡಾಕಿಗೆ ಬ್ಯಾನಿ ಬಂದೇ ಬಿಟ್ಟದ, ಇನ್ನ ಇದರಿಂದ ಏನೂ ಉಪಯೋಗ ಇಲ್ಲ. ಸಣ್ಣಾಕಿಗೂ ಅರ್ಧಾ ಆತು!"

"ದೊಡ್ಡಾಕಿ ನೋಡಾಕತ್ತಿದ್ಲು, ತಮ್ಮಾ..."

ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ದೊಡ್ಡವಳು ತನ್ನ ಹೋಳನ್ನು ತಂಗಿಯ ತಟ್ಟೆಗೆ ಸರಿಸಿದಳು. "ನನಗ ಸೂಜಿ ಅದಲ್ಲವ್ವಾ."

ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಹುಡುಗಿಯ ಮುಖ ನೋಡುವ ಮುಖ ಮಾತ್ರ ನನಗಿಲ್ಲ.