ಕೇಳುವ ಮೊದಲೇ ಕೊಡುತ್ತಿದ್ದ ಅಜ್ಜಿ

ಶೆಟ್ಟಿಹಳ್ಳಿಯ ಮುನಿಶಾಮಮ್ಮನವರಿಗೆ ಅರವತ್ತಮೂರು ವರ್ಷ. ಮಗ, ಸೊಸೆ ಬೆಳಿಗ್ಗೆ ಎಂಟಕ್ಕೇ ಕೆಲಸಕ್ಕೆ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ. ಅಲ್ಲಿಯವರೆಗೆ ಮೊಮ್ಮಗಳು ಚಾರ್ವಿ ಇವರ ಪಾಲಿಗೆ. ಮಗುವಿಗೆ ಎರಡು ತುಂಬಿದರೂ ಒಂದು ಮಾತೂ ಬಂದಿರಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದರೆ ಏನೂ ದೋಷವಿಲ್ಲ ಎಂದರು.

ಆರ್.ಟಿ. ನಗರದ ಮಕ್ಕಳ ಡಾಕ್ಟರ್ ರುಖ್ಸಾರ್ ಔಷಧಿ ಬರೆಯಲಿಲ್ಲ. ಅಜ್ಜಿ, ಮೊಮ್ಮಗಳು ಇಬ್ಬರನ್ನೂ ಚಾಪೆಯ ಮೇಲೆ ಕೂರಿಸಿ ಸುಮ್ಮನೆ ನೋಡುತ್ತ ಕುಳಿತರು. ಮಗು ಕೆಮ್ಮಿತು, ಅಜ್ಜಿ ನೀರು ಕುಡಿಸಿದರು. ಮಗು ಚೀಲದತ್ತ ತಿರುಗುವಷ್ಟರಲ್ಲಿ ಬಿಸ್ಕತ್ತು ಬಾಯಲ್ಲಿತ್ತು.

"ಅಮ್ಮಾ, ತುಂಬಾ ಚೆನ್ನಾಗಿ ನೋಡ್ಕೋತೀರ. ಆದ್ರೆ ಅವಳು ಕೇಳೋಕೆ ಮುಂಚೆನೇ ಕೊಟ್ಬಿಡ್ತೀರ. ಬಿಸ್ಕತ್ತು ಕೈಲಿ ಹಿಡ್ಕೊಂಡು ಅವಳ ಮುಖ ನೋಡಿ, ಸ್ವಲ್ಪ ಕಾಯಿರಿ. ಅವಳು ಕೈ ತೋರಿಸಿದ್ರೂ ಸಾಕು, ಅದರ ಹೆಸರು ಹೇಳಿ ಕೊಡಿ."

"ಮೂರು ಮಕ್ಳನ್ನ ಸಾಕ್ದೋಳು ಕಣಮ್ಮ ನಾನು. ಅವಕ್ಕೆಲ್ಲಾ ಯಾರು ಇಂಗೆ ಕಲ್ಸಿದ್ರು?"

"ಆಗ ಮನೇಲಿ ಎಷ್ಟು ಜನ ಇದ್ರಿ?"

ಅತ್ತೆ, ನಾದಿನಿಯರು, ಓರಗಿತ್ತಿಯ ಮಕ್ಕಳು, ಎಲ್ಲ ಸೇರಿ ಹನ್ನೊಂದು ಜನ. ಈಗ ಹಗಲೆಲ್ಲ ಇಬ್ಬರೇ. ಒಬ್ಬಳಿಗೆ ಮಾತು ಬಾರದು, ಇನ್ನೊಬ್ಬರಿಗೆ ಮಾತಾಡಲು ತ್ರಾಣವಿಲ್ಲ.

ಮನೆಗೆ ಬಂದ ಮೇಲೆ ಮುನಿಶಾಮಮ್ಮನಿಗೆ ಪಾತ್ರೆ ತೊಳೆಯುವುದಕ್ಕಿಂತ ಹೀಗೆ ಕಾಯುವುದೇ ಕಷ್ಟವಾಯಿತು. ಬಾಳೆಹಣ್ಣು ಹಿಡಿದು ಕಾದರೆ ಚಾರ್ವಿ ನೆಲಕ್ಕೆ ಬಿದ್ದು ಚೀರುತ್ತಿದ್ದಳು. ಪಕ್ಕದ ಮನೆಯವರು ಇಣುಕುತ್ತಿದ್ದರು. ಎಷ್ಟೋ ಸಲ ಅಜ್ಜಿ ಸೋತು ಕೊಟ್ಟುಬಿಟ್ಟರು. ಒಂದು ಸಂಜೆ ಸೊಸೆ ಮಧುಶ್ರೀ ಚಪ್ಪಲಿ ಬಿಡುತ್ತಲೇ, "ಡಾಕ್ಟರ್ ಹೇಳಿದ್ದು ಇವತ್ತು ಮಾಡಿಸಿದ್ರಾ ಅತ್ತೆ?" ಎಂದಳು.

"ನೀನೂ ಬಂದು ಕೂತ್ಕೋ. ನಂಗೆ ಸಾಕಾಗೋಯ್ತು."

ಮಧುಶ್ರೀ ಹೆಗಲ ಚೀಲವನ್ನೂ ಇಳಿಸದೆ ಮಗುವಿನೆದುರು ಕುಳಿತಳು. ಅವಳ ಕಣ್ಣುಗಳೂ ದಣಿದು ಕೆಂಪಾಗಿದ್ದವು. ಅಂದಿನಿಂದ ಸಂಜೆಯ ಅರ್ಧ ಗಂಟೆ ಅವಳದಾಯಿತು. ಮುನಿಶಾಮಮ್ಮ ಗೋಡೆಗೊರಗಿ ಕಾಲು ಚಾಚುತ್ತಿದ್ದರು.

ಮೂರು ತಿಂಗಳಾದರೂ ಮಾತು ಬರಲಿಲ್ಲ. ಆದರೆ ಒಂದು ಮಧ್ಯಾಹ್ನ ಚಾರ್ವಿ ಅಜ್ಜಿಯ ಸೆರಗು ಹಿಡಿದೆಳೆದು, ಕಿಟಕಿಯಾಚೆ ನಿಂತ ನೀರಿನ ಟ್ಯಾಂಕರಿನತ್ತ ಬೆರಳು ತೋರಿಸಿ, ಅಜ್ಜಿಯ ಮುಖ ನೋಡಿದಳು.

"ಮಾತಿಗಿಂತ ಮುಂಚೆ ಬೆರಳು ಬರತ್ತಮ್ಮ," ಎಂದು ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರ್ ಹಿಗ್ಗಿದರು.

"ಇನ್ನೆಷ್ಟು ದಿನ ಆಗ್ತದೆ?"

"ಹೇಳೋಕಾಗಲ್ಲ. ಬಿಡಬೇಡಿ, ಅಷ್ಟೇ."

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮುನಿಶಾಮಮ್ಮನಿಗೆ ಕಣ್ಣು ಎಳೆಯುತ್ತಿತ್ತು. ಚಾರ್ವಿ ಕಿಟಕಿಯ ಹೊರಗೆ ಬೆರಳು ಮಾಡಿ ಅಜ್ಜಿಯ ಗಲ್ಲ ತಟ್ಟಿದಳು.

"ಊಂ, ಆಟೋ," ಎಂದರು. ಮತ್ತೆ ತಟ್ಟಿದಳು. "ಅದು ನಾಯಿ ಕಣವ್ವ, ನಾಯಿ."

ಯಶವಂತಪುರ ದಾಟುವವರೆಗೂ ಅವರಿಗೆ ಕಣ್ಣು ಮುಚ್ಚಲಾಗಲಿಲ್ಲ.