ಮೆಟ್ಟಿಲ ಕೆಳಗಿನ ಪ್ರೆಸ್

ಜಪಾನಿನ ಸಗಮಿಹಾರಾದಲ್ಲಿ ನಾನೂ ನನ್ನ ಗಂಡನೂ ಬಾಡಿಗೆಗಿದ್ದ ಮನೆಯ ಕೆಳಗಿನ ಅಂತಸ್ತಿನಲ್ಲಿ ಮನೆಯೊಡತಿಯೇ ಇದ್ದರು. ವಯಸ್ಸು ಎಪ್ಪತ್ತು ದಾಟಿತ್ತು, ಒಂಟಿ ಜೀವ. ಮನೆ ಮಾಲೀಕರನ್ನು ಇಲ್ಲಿ ಓಯಾ-ಸಾನ್ ಎನ್ನುತ್ತಾರೆ. ನಾವೂ ಹಾಗೇ ಕರೆಯುತ್ತಿದ್ದೆವು. ಅವರು ನನ್ನನ್ನು ನಿಕಾಯ್-ಸಾನ್, ಅಂದರೆ ಮಹಡಿಯವರು, ಎನ್ನುತ್ತಿದ್ದರು. ನಾಲ್ಕು ವರ್ಷ ಇದ್ದರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ಅವರು ಬಂದೂಕು ಹೊಡೆಯುತ್ತಾರೆಂದು ನನಗೆ ಗೊತ್ತಾದದ್ದು ಎರಡನೇ ವರ್ಷ. ಬೇಟೆಯಲ್ಲ. ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗಳನ್ನು ಚೂರು ಮಾಡುವ ಆಟ. ಮೂವತ್ತು ವರ್ಷದಿಂದ ಆಡುತ್ತಿದ್ದವರು, ಬಲಭುಜದ ಆಪರೇಷನ್ ಆದಮೇಲೆ ನಿಲ್ಲಿಸಿದ್ದರು. ಅಂಗಡಿಯ ತೋಟಾ ಹೊಡೆದರೆ ಬಂದೂಕು ಹಿಂದಕ್ಕೆ ಒದೆಯುವ ರಭಸಕ್ಕೆ ಭುಜ ತಡೆಯುತ್ತಿರಲಿಲ್ಲ. ತಾವೇ ಮದ್ದು ಕಡಿಮೆ ಹಾಕಿ ಮೆದು ತೋಟಾ ತುಂಬಿಕೊಂಡರೆ ಮತ್ತೆ ಆಡಬಹುದು ಎಂದು ಡಾಕ್ಟರು ಒಪ್ಪಿದ್ದರು. ತುಂಬುವ ಕೈ ಪ್ರೆಸ್ ಅವರಲ್ಲೇ ಇತ್ತು. ಆದರೆ ಅದನ್ನಿಟ್ಟಿದ್ದ ಹಿತ್ತಲ ಶೆಡ್ಡನ್ನು ಹಿಂದಿನ ವರ್ಷ ಕೆಡವಿಸಿದ್ದರು. ಈಗ ಉಳಿದಿದ್ದ ಜಾಗ ಒಂದೇ: ಅಡುಗೆಮನೆಯ ಪಕ್ಕ, ನಾವು ಹತ್ತಿಳಿಯುವ ಒಳಮೆಟ್ಟಿಲ ಕೆಳಗಿನ ಗೂಡು.

"ಸುಮಿಮಾಸೆನ್, ಕ್ಷಮಿಸಿ, ನಿಕಾಯ್-ಸಾನ್. ನೀವು ಕಾರ್ಖಾನೆಯಲ್ಲಿ ಯಂತ್ರ ಕೂರಿಸೋ ಕೆಲಸ ಮಾಡ್ತೀರಂತಲ್ಲ," ಎಂದು ಒಂದು ಶನಿವಾರ ಬೆಳಿಗ್ಗೆ ಬಾಗಿಲಿಗೆ ಬಂದರು. "ಒಂದು ಚಿಕ್ಕ ಯಂತ್ರ ಇದೆ. ಜಾಗ ಮಾತ್ರ ಅದಕ್ಕಿಂತ ಚಿಕ್ಕದು."

ಪರವಾನಗಿ ಕಾಗದಗಳನ್ನೆಲ್ಲ ನಾನು ಕೇಳುವ ಮೊದಲೇ ತೋರಿಸಿದರು. ಪೊಲೀಸ್ ಠಾಣೆಗೆ ಹೋಗಿ ಹೊಸ ಜಾಗದ ವಿಷಯ ಹೇಳಿ ಬಂದಿದ್ದರು. ಮದ್ದು ಬೇರೆ ಕೋಣೆಯ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. ನನ್ನ ಪಾಲಿಗೆ ಬಂದದ್ದು ಬರೀ ಎರಕದ ಕಬ್ಬಿಣದ ಆ ಪ್ರೆಸ್, ಅದರ ಉದ್ದ ಹಿಡಿ, ಮತ್ತೆ ಒಳಕ್ಕೆ ಹೋದಂತೆ ಇಳಿಜಾರಾಗುವ ಸೂರು.

ನನಗೆ ಒಳಗೊಳಗೇ ಖುಷಿ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದುವಾಗ ಕ್ಲಾಸಿನಲ್ಲಿ ನಾವು ನಾಲ್ಕೇ ಹುಡುಗಿಯರು. ಇಲ್ಲಿಗೆ ಬಂದಮೇಲೂ ಪರದೆಯ ಮೇಲೆ ಡ್ರಾಯಿಂಗ್ ಮಾಡಿದ್ದೇ ಹೆಚ್ಚು. ಕೈಗೆ ಗ್ರೀಸ್ ಹತ್ತಿ ಎಷ್ಟೋ ಕಾಲವಾಗಿತ್ತು. ಟೇಪು ಹಿಡಿದು ಅಳೆದೆ, ದಪ್ಪ ಹಲಗೆ ತಂದು ಮೇಜು ಮಾಡಿದೆ, ಗೋಡೆಯ ಕಂಬಕ್ಕೆ ಬಿಗಿದೆ, ಪ್ರೆಸ್ಸನ್ನು ಬೋಲ್ಟ್ ಹಾಕಿ ಕೂರಿಸಿದೆ. ಹಿಡಿಯ ತುದಿಗೂ ಸೂರಿಗೂ ನಡುವೆ ಎರಡು ಬೆರಳು ಜಾಗ ಉಳಿದಿತ್ತು. "ಎಳೀರಿ," ಎಂದೆ.

ಓಯಾ-ಸಾನ್ ಎಳೆದರು. ಹಿಡಿ ಸ್ವಲ್ಪ ಮುಂದೆ ಬಂದದ್ದೇ ಮೆಟ್ಟಿಲ ಅಡಿಗೆ ಟಣ್ ಎಂದು ಬಡಿದು ನಿಂತಿತು.

ನನ್ನ ತಪ್ಪು ಆ ಕ್ಷಣವೇ ತಿಳಿಯಿತು. ಸುಮ್ಮನಿದ್ದಾಗ ಆ ಹಿಡಿ ಹಿಂದಕ್ಕೆ ವಾಲಿರುತ್ತದೆ. ಎಳೆದಾಗ ಮೊದಲು ನೆಟ್ಟಗೆ ನಿಂತು, ಆಮೇಲೆ ಕೆಳಗಿಳಿಯುತ್ತದೆ. ಅತಿ ಎತ್ತರ ಬರುವುದೇ ಆ ನಡುವಿನ ಗಳಿಗೆಯಲ್ಲಿ. ನಾನು ನಿಂತ ಯಂತ್ರವನ್ನು ಅಳೆದಿದ್ದೆ, ಓಡುವ ಯಂತ್ರವನ್ನಲ್ಲ. ಕಾಲೇಜಿನ ಮೊದಲ ವರ್ಷದ ಹುಡುಗಿಗೂ ಹೊಳೆಯಬೇಕಾದ ಮಾತು.

"ಹಿಡಿ ಕತ್ತರಿಸಿ ಗಿಡ್ಡ ಮಾಡೋಣ," ಎಂದೆ ಗಡಿಬಿಡಿಯಲ್ಲಿ.

ಓಯಾ-ಸಾನ್ ಭುಜ ಸವರಿಕೊಂಡು ಮೆಲ್ಲಗೆ ಕೇಳಿದರು: "ಗಿಡ್ಡ ಆದ್ರೆ ಜಾಸ್ತಿ ಬಲ ಬೇಕಾಗಲ್ವಾ?"

ಬೇಕಾಗುತ್ತದೆ. ಭುಜಕ್ಕಾಗಿ ಶುರುವಾದ ಕೆಲಸದಲ್ಲಿ ಭುಜವನ್ನೇ ಮರೆತಿದ್ದೆ.

ಮಹಡಿಗೆ ಬಂದಾಗ ನನ್ನ ಗಂಡ ಚಟ್ನಿಗೆಂದು ನೆಲದ ಮೇಲೆ ಕೂತು ತುರಿಮಣೆಯಲ್ಲಿ ಕಾಯಿ ತುರಿಯುತ್ತಿದ್ದ. ಸಾಫ್ಟ್‌ವೇರ್‌ನವನು, ಬೋಲ್ಟು ನಟ್ಟಿನ ಗೋಜಿಗೆ ಬಾರದವನು. ನಾನು ಎಲ್ಲ ಹೇಳಿದೆ.

"ಸೂರು ಮೇಲೆ ಹೋಗಲ್ಲ ಅಂದ್ರೆ ಟೇಬಲ್ ಕೆಳಗೆ ಬರ್ಲಿ. ಸಿಂಪಲ್ ಅಲ್ವಾ?" ಎಂದ. "ನೆಲದ ಮೇಲೆ ಕೂತ್ಕೊಂಡು ಎಳೀಲಿ."

"ಅವ್ರಿಗೆ ಮಂಡಿ ನೋವು ಕಣೋ. ಚಕ್ಕಳಮಕ್ಕಳ ಹಾಕಿ ಅರ್ಧ ಗಂಟೆ ಕೂರೋಕೆ ಆಗಲ್ಲ."

"ಹಾಗಾದ್ರೆ ಗೊತ್ತಿಲ್ಲಪ್ಪ," ಎಂದು ಮತ್ತೆ ಕಾಯಿ ತುರಿಯತೊಡಗಿದ.

ಮಾರನೇ ದಿನ ಈ ಮಾತನ್ನು ಓಯಾ-ಸಾನ್‌ಗೆ ಹಾಗೇ ಒಪ್ಪಿಸಿದೆ: ಮೇಜು ತಗ್ಗಿಸಬಹುದು, ಆದರೆ ಕಾಲಿಗೆ ಜಾಗವಿಲ್ಲ. ಅವರು ಒಂದಷ್ಟು ಹೊತ್ತು ಗೂಡಿನ ನೆಲವನ್ನೇ ನೋಡುತ್ತ ನಿಂತರು. ಆಮೇಲೆ ನಗುತ್ತ ಬಗ್ಗಿ, ನೆಲದ ಹಲಗೆಯಲ್ಲಿದ್ದ ಸಣ್ಣ ಉಂಗುರವನ್ನು ಎತ್ತಿ ಎಳೆದರು. ಚೌಕದ ಮುಚ್ಚಳವೊಂದು ಮೇಲೆ ಬಂತು. ಕೆಳಗೆ ಮೊಣಕಾಲುದ್ದ ಆಳದ ಗುಳಿ. ಸಾಮಾನಿಡಲೆಂದು ಮನೆ ಕಟ್ಟುವಾಗಲೇ ಮಾಡಿಟ್ಟದ್ದು. ಅದರ ತುಂಬ ಉಮೆಬೋಶಿ ಜಾಡಿಗಳು, ನಮ್ಮ ಮಾವಿನಕಾಯಿಯಂತೆ ಉಪ್ಪಿನಲ್ಲಿ ಹಾಕಿಟ್ಟ ಹುಳಿಹಣ್ಣು.

"ಉಪ್ಪಿನಕಾಯಿಗೆ ಬೇರೆ ಮನೆ ಹುಡುಕೋಣ," ಎಂದರು.

ಹನ್ನೊಂದು ಜಾಡಿಗಳನ್ನು ನಾವಿಬ್ಬರೂ ಒಂದೊಂದಾಗಿ ಹೊತ್ತು ಹೊರಗಿಟ್ಟೆವು. ಓಯಾ-ಸಾನ್ ಗುಳಿಯ ಅಂಚಿಗೆ ದಿಂಬು ಹಾಕಿ, ಕಾಲು ಕೆಳಗಿಳಿಬಿಟ್ಟು ಕೂತರು. ಕುರ್ಚಿಯಲ್ಲಿ ಕೂತ ಹಾಗೇ ಇತ್ತು. ನಾನು ಮೇಜಿನ ಕಾಲುಗಳನ್ನು ಕತ್ತರಿಸಿ, ಗುಳಿಯ ಎರಡೂ ಬದಿಗೆ ಬರುವಂತೆ ನಿಲ್ಲಿಸಿ ಮತ್ತೆ ಬಿಗಿದೆ. ಈ ಸಲ ಹಿಡಿಯನ್ನು ನಾನೇ ನಿಧಾನಕ್ಕೆ ಪೂರ್ತಿ ಎಳೆದು, ಪ್ರತಿ ಹಂತದಲ್ಲೂ ಟೇಪು ಹಿಡಿದು ನೋಡಿದೆ. ನೆಟ್ಟಗೆ ನಿಂತಾಗಲೂ ಮೇಲೆ ಒಂದು ಗೇಣು ಖಾಲಿ.

ತೋಟಾದ ಖಾಲಿ ಸಿಪ್ಪೆಯೊಂದನ್ನಿಟ್ಟು ಓಯಾ-ಸಾನ್ ಹಿಡಿ ಎಳೆದರು. ಯಾವ ಸದ್ದೂ ಇಲ್ಲದೆ ಇಳಿಯಿತು. ಎಡಗೈಯಲ್ಲಿ ಎಳೆದರು, ಬಲಗೈಯಲ್ಲೂ ಎಳೆದು ನೋಡಿದರು. ಹತ್ತಿಪ್ಪತ್ತು ಸಲ ಸುಮ್ಮನೆ ಎಳೆಯುತ್ತಲೇ ಇದ್ದರು. ನಾನು ಗೋಡೆಗೊರಗಿ ಬೆವರೊರೆಸಿಕೊಳ್ಳುತ್ತ ನೋಡುತ್ತಿದ್ದೆ. ಆಫೀಸಿನಲ್ಲಿ ಎಷ್ಟು ದೊಡ್ಡ ಯಂತ್ರ ಒಪ್ಪಿಗೆಯಾದಾಗಲೂ ನನಗೆ ಅಂಥ ತೃಪ್ತಿ ಆಗಿರಲಿಲ್ಲ.

ಮದ್ದು ತುಂಬುವ ದಿನ ನನ್ನನ್ನು ಒಳಗೆ ಬಿಡಲಿಲ್ಲ. ಅದು ಪರವಾನಗಿ ಇದ್ದವರ ಕೆಲಸ, ಮಾತಾಡುತ್ತ ಮಾಡುವಂಥದ್ದೂ ಅಲ್ಲ ಎಂದರು. ಜಾಡಿಗಳಲ್ಲಿ ಐದು ನಮ್ಮ ಅಡುಗೆಮನೆಗೆ ಬಂದವು. ಮೊಸರನ್ನಕ್ಕೆ ಆ ಹಣ್ಣು ನಂಚಿಕೊಂಡ ನನ್ನ ಗಂಡ, "ಇದು ಊರಿಗೆ ಪಾರ್ಸೆಲ್ ಮಾಡೋ ಐಟಂ," ಎಂದ.

ಶರತ್ಕಾಲದ ಒಂದು ಭಾನುವಾರ ಓಯಾ-ಸಾನ್ ನಮ್ಮಿಬ್ಬರನ್ನೂ ಬೆಟ್ಟದ ಕಡೆಯ ಶೂಟಿಂಗ್ ಮೈದಾನಕ್ಕೆ ಕರೆದೊಯ್ದರು. ಕಾಯುವವರ ಬೆಂಚಿನಲ್ಲಿ ನಾವು ಕೂತೆವು. ಮೊದಲ ಬಿಲ್ಲೆ ಹಾಗೇ ಹಾರಿಹೋಯಿತು, ಎರಡನೆಯದೂ ಹೋಯಿತು. ಪಕ್ಕದ ಗಂಡಸರು ನಯವಾಗಿ ಬೇರೆ ಕಡೆ ನೋಡಿದರು. ಮೂರನೆಯದು ಆಕಾಶದಲ್ಲೇ ಕಿತ್ತಳೆ ಬಣ್ಣದ ಪುಡಿಯಾಯಿತು. ಅಲ್ಲಿಂದ ಮುಂದೆ ತಪ್ಪಿದ್ದು ಕಡಿಮೆ. ಇಪ್ಪತ್ತೈದರಲ್ಲಿ ಹದಿನೇಳು ಒಡೆದರು.

ಬೆಂಚಿಗೆ ಬಂದು ಬಂದೂಕನ್ನು ತೆರೆದು ಖಾಲಿ ಮಾಡಿ ನಿಲ್ಲಿಸಿದರು. ಎರಡು ವರ್ಷಕ್ಕಿಂತ ಹೆಚ್ಚಾಗಿತ್ತಂತೆ, ಅಲ್ಲಿ ಕಾಲಿಟ್ಟು.

"ಭುಜ ನೋವಿದೆಯಾ?" ಎಂದು ಕೇಳಿದೆ.

ಅವರು ತೋಳನ್ನು ಒಂದು ಸುತ್ತು ತಿರುಗಿಸಿ ನೋಡಿದರು. "ಇಲ್ಲ," ಎಂದರು, ತಮಗೇ ನಂಬಿಕೆ ಬಾರದವರ ಹಾಗೆ. ನೀರು ಕುಡಿದು, ಟೋಪಿ ಸರಿಮಾಡಿಕೊಂಡು, ಇನ್ನೊಂದು ಸುತ್ತು ಆಡಲೆಂದು ಹೆಸರು ಕೊಡಲು ಹೋದರು.